ಶಲ್ಯದ ಮರೆಯ ವ್ಯಾಪಾರ

ಎತ್ತಿನ ಬಾಲ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಗಾಜಿನ ಆಚೆ ನೊಣ ಎದ್ದಿತು, ಮತ್ತೆ ಅಲ್ಲೇ ಕೂತಿತು — ಮೋಟಾರಿನೊಳಗೆ ಕೂತು ಎತ್ತಿನ ಬಾಲ ನೋಡುವ ಯೋಗ ಈ ಸೀಮೆಯಲ್ಲಿ ಉಳವಪ್ಪನೊಬ್ಬನ ಹಣೆಯಲ್ಲಿ ಮಾತ್ರ ಬರೆದಿತ್ತೇನೋ, ಮೂವತ್ತು ವರ್ಷ ಹಾನಗಲ್ಲ ಸಂತೆಯಲ್ಲಿ ದನದ ದಲಾಲಿ ಮಾಡಿದವನು, ನಡೆಯುವ ಎತ್ತಿನ ಸಪ್ಪಳ ಕೇಳಿ ಅದರ ವಯಸ್ಸು ಹೇಳುವವನು, ಈಗ ಎರಡೂ ಕೈಯಲ್ಲಿ ಗುಂಡನೆಯ ಚಕ್ರ ಹಿಡಿದು, ಅದನ್ನು ಎತ್ತ ತಿರುಗಿಸಬೇಕೋ ತಿಳಿಯದೆ, ಕೆಟ್ಟ ಮೋಟಾರಿಗೆ ಸರಪಳಿ ಬಿಗಿದ ಬಾಡಿಗೆ ಎತ್ತಿನ ಜೋಡಿ ಎಳೆದತ್ತ ಹೋಗುತ್ತಿದ್ದಾನೆ, ಮಗ್ಗುಲಲ್ಲಿ ಬಾರುಕೋಲು ಹಿಡಿದು ನಡೆಯುವ ಹುಚ್ಚಪ್ಪ, ಬಾಡಿಗೆ ಎತ್ತಿನ ಒಡೆಯ, ನಿನ್ನೆ ನಸುಕಿನಿಂದ ಒಂದು ಮಾತಾಡಿಲ್ಲ, ಬಾಯಿ ತೆರೆದರೆ ನಗು ಬಂದೀತೆಂದು ತುಟಿ ಕಚ್ಚಿಕೊಂಡಿದ್ದಾನೆ, ನಗಲಿ, ದಾರಿಯುದ್ದಕ್ಕೂ ಎಲ್ಲರೂ ನಕ್ಕಿದ್ದಾರೆ, ಬಾವಿಯ ಬಳಿ ಹೆಂಗಸರು ತುಂಬಿದ ಕೊಡ ಇಳಿಸಿ ನಕ್ಕರು, ಎದುರು ಬಂದ ಗಾಡಿಯವನು ಕೂಗಿಯೇ ಬಿಟ್ಟ, ಏನ್ರಿ ಯಜಮಾನ್ರ, ಮೋಟಾರಿಗೆ ಹುಲ್ಲು ಹಾಕ್ತೀರೋ, ಎತ್ತಿಗೆ ಎಣ್ಣಿ ಹಾಕ್ತೀರೋ — ನಗಲಿ ಬಿಡು, ಹಿರೇಕೆರೂರು ಇನ್ನು ಎರಡು ಹರದಾರಿ, ಸಂಜೆಯೊಳಗೆ ಈ ಹಸಿರು ಮೋಟಾರು ಪೀಡೆಯನ್ನು ಕರಿಬಸಪ್ಪನ ಅಂಗಳದಲ್ಲಿ ನಿಲ್ಲಿಸಿ, ಇದಕ್ಕೆ ಬದಲು ತಾನು ಕೊಟ್ಟ ನಾಲ್ಕು ಎತ್ತು ಬಿಚ್ಚಿಕೊಂಡು ಬಂದರೆ ಸಾಕು, ನಾಲ್ಕೂ ಬಾರದಿದ್ದರೆ ಎರಡಾದರೂ, ಕೆಂದ ಮತ್ತು ಮಾಲಿಂಗ, ಅವೆರಡಾದರೂ ಬರಬೇಕು, ಇಲ್ಲವೆಂದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು.

ಕೆಂದ, ಮಾಲಿಂಗ ಅವನ ಹೆಂಡತಿ ಮಹಾದೇವಕ್ಕನ ಎತ್ತು, ಅವಳೇ ಅವನ್ನು ಕರುವಿದ್ದಾಗಿನಿಂದ ಗಂಜಿ ಕುಡಿಸಿ ಬೆಳೆಸಿದ್ದಳು, ಮೋಟಾರು ಬರುತ್ತದೆ ಎಂದಾಗ ಅವಳು ಜಗಳವಾಡಲಿಲ್ಲ, ಜಗಳವಾಡಿದ್ದರೆ ಚೆನ್ನಾಗಿತ್ತು, ಕೇಳಿದ್ದು ಒಂದೇ ಮಾತು, ಮೋಟಾರು ಹೆಸರು ಹಿಡದು ಕರದರ ಬರ್ತೈತೇನ್ರಿ — ಹುಚ್ಚಿ ಎಂದು ನಕ್ಕಿದ್ದ, ಮಂಡಿ ಸೋತಿವೆ, ಇನ್ನು ಸಂತೆಯಿಂದ ಸಂತೆಗೆ ನಡೆಯಲಾರೆ, ಮೋಟಾರಿದ್ದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು ಎಂದು ಮಂದಿ ಕೂರಿಸಿ ಬಾಡಿಗೆಗೆ ಓಡಿಸಬಹುದು, ಯುದ್ಧ ಬೇರೆ ಸುರುವಾಗಿದೆ, ವಿಲಾಯತಿಯಿಂದ ಇನ್ನು ಹೊಸ ಮೋಟಾರು ಬರುವುದಿಲ್ಲ, ಇದ್ದುದನ್ನು ಈಗಲೇ ಹಿಡಿಯಬೇಕು ಎಂದು ಎಲ್ಲರೂ ಹೇಳುತ್ತಿದ್ದರು — ಆರು ದಿನದ ಹಿಂದೆ ಕರಿಬಸಪ್ಪ, ಹಿರೇಕೆರೂರಿನ ಅರಳೆ ಸಾಹುಕಾರ, ಸಂತೆಯ ಬೇವಿನ ಮರದ ಕೆಳಗೆ ಇದನ್ನು ತಂದು ನಿಲ್ಲಿಸಿದ, ಮೈ ತಿಕ್ಕಿ ತೊಳೆದಿದ್ದ, ದೀಪ ಎರಡೂ ಮಿಂಚುತ್ತಿದ್ದವು, ಉಳವಪ್ಪ ಸುತ್ತು ಹಾಕಿದ, ಮೂತಿ ತಟ್ಟಿದ, ಟಾಯರು ಒತ್ತಿದ, ಹಿಂದೆ ನಿಂತು ಸೊಂಟ ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ, ಅಯ್ಯೋ ಮೂರ್ಖ, ಮೋಟಾರಿಗೆ ಸೊಂಟ ಎಲ್ಲಿಯದು — ಕರಿಬಸಪ್ಪನ ಕಡೆಯವರು ಅವನನ್ನು ಕೆರೆಯ ಏರಿಯವರೆಗೆ ಕೂರಿಸಿಕೊಂಡು ಹೋಗಿ ಬಂದರು, ಒಂದು ಸಪ್ಪಳವಿಲ್ಲ, ಒದರದ ಎತ್ತು ಒಳ್ಳೆಯ ಎತ್ತು ಎಂದು ಮನಸ್ಸು ಉಬ್ಬಿತು, ಸುತ್ತ ನೂರು ಮಂದಿ ನೆರೆದಿದ್ದರು, ನೂರು ಮಂದಿ ನೋಡುವಾಗ ಉಳವಪ್ಪನ ವ್ಯಾಪಾರ ಉಳವಪ್ಪನ ಹಾಗೆಯೇ ಆಗಬೇಕು, ಹೆಗಲ ಮೇಲಿನ ಶಲ್ಯ ತೆಗೆದು ತಾನೇ ಇಬ್ಬರ ಕೈಯ ಮೇಲೆ ಹಾಕಿದ, ಸಾಹುಕಾರ್ರ, ನಮ್ಮ ಸಂತ್ಯಾಗ ಬಾಯಿಲೆ ವ್ಯಾಪಾರ ಇಲ್ಲರಿ, ಬೆರಳಿಲೆ ಮಾತಾಡ್ರಿ. ಶಲ್ಯದೊಳಗೆ ಕರಿಬಸಪ್ಪ ಮೂರು ಬೆರಳು ಹಿಡಿದ, ಮೂರು ಜೋಡಿ, ಉಳವಪ್ಪ ಒಂದು ಬೆರಳು ಬಿಡಿಸಿಕೊಂಡ, ಎರಡು ಜೋಡಿ, ಕೈ ಕೈ ಅದುಮಿದವು, ಆಯಿತು, ಎತ್ತಿನ ಹಗ್ಗ ಆ ಕಡೆಗೆ ಹೋಯಿತು, ಈ ಕಡೆಗೆ ಹಗ್ಗದ ಬದಲು ಮೋಟಾರು ತಿರುವುವ ಹ್ಯಾಂಡಲು ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು, ಅವನಿಗೆ ಎಷ್ಟು ಹಿಗ್ಗಾಗಿತ್ತೆಂದರೆ, ಛೀ, ಕೆಂದ ತಿರುತಿರುಗಿ ನೋಡುತ್ತ ಹೋದದ್ದನ್ನೂ ನೋಡಲಿಲ್ಲ.

ಮೋಟಾರಿನ ಗಾಲಿ ಕಲ್ಲಿಗೆ ಬಡಿಯಿತು, ಎಡಕ್ಕ ಹಿಡೀರಿ ಎಡಕ್ಕ, ಹುಚ್ಚಪ್ಪನ ಮೊದಲ ಮಾತು — ಎಡಕ್ಕೆ ಹಿಡಿದ — ಬಂದೇಸಾಬ ಇದ್ದಿದ್ದರೆ ಚಕ್ರ ಅವನು ಹಿಡಿಯುತ್ತಿದ್ದ, ಸವಣೂರಿನವನು, ಮೋಟಾರು ಓಡಿಸಲೆಂದು ಗೊತ್ತು ಮಾಡಿದವನು, ಪಾಪ, ಮೂರನೆಯ ದಿನ ಮಹಾದೇವಕ್ಕನನ್ನು ಹಿಂದೆ ಕೂರಿಸಿಕೊಂಡು ಶಿಗ್ಗಾಂವಿ ದಾರಿ ಹಿಡಿದಿದ್ದರು, ಒಂದು ಹರದಾರಿ ಹೋಗಿರಲಿಲ್ಲ, ಕೆಳಗೆಲ್ಲೋ ಜೋಳ ಬೀಸಿದ ಹಾಗೆ ಸದ್ದು, ಆಮೇಲೆ ಕಬ್ಬಿಣ ಮುರಿದ ಸದ್ದು, ನಿಂತುಬಿಟ್ಟಿತು, ಬಂದೇಸಾಬ ಮೋಟಾರಿನ ಅಡಿಯಲ್ಲಿ ಮಲಗಿ ಗೇರಿನ ಪೆಟ್ಟಿಗೆ, ಹಲ್ಲುಚಕ್ರಗಳ ಗೂಡು, ಬಿಚ್ಚಿದ, ಎದ್ದು ಬಂದು ಉಳವಪ್ಪನ ಅಂಗೈ ಬಿಡಿಸಿ ಕರ್ರಗಿನ ಮುದ್ದೆಯೊಂದನ್ನು ಇಟ್ಟ, ಮೂಸಿ ನೋಡ್ರಿ, ಕಟಗಿ ಹೊಟ್ಟು ಇದು, ಎಣ್ಣ್ಯಾಗ ಕಲಸಿ ತುಂಬ್ಯಾರ, ಒಳಗ ಹಲ್ಲೆಲ್ಲ ಸವದಾವರಿ, ಸಪ್ಪಳ ಕೇಳಬಾರ್ದು ಅಂತ ಹೊಟ್ಟು ಹಾಕ್ಯಾರ, ನಾಕು ದಿನ ಗಪ್ಪ ಓಡ್ತೈತಿ, ಆಮ್ಯಾಲ ಹಿಂಗ — ಅಂಗೈಯಲ್ಲಿ ತೇಗದ ವಾಸನೆ, ಇನ್ನೂ ಹೋಗಿಲ್ಲ, ಎಷ್ಟು ಸಲ ತೊಳೆದ, ಸಾವಿರ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸಿದವನಿಗೆ ಹೊಟ್ಟು ತಿನ್ನಿಸಿದ್ದರು, ಮಹಾದೇವಕ್ಕ ಸೆರಗು ಸಿಕ್ಕಿಸಿ ಹಾನಗಲ್ಲಿನ ಕಡೆಗೆ ನಡೆದಳು. ಮರುದಿನ ವಕೀಲರ ಮನೆ, ಕಾಯ್ದೆ ಐತಿ ಉಳವಪ್ಪ, ಅಂದರು ವಕೀಲರು, ಹತ್ತು ವರ್ಷ ಆತು ಬಂದು, ಮಾರಾವ ಮಾಲು ಚೊಲೋ ಐತಿ ಅಂತ ಮಾತು ಕೊಟ್ಟು ಅದು ಸುಳ್ಳಾದ್ರ ಅವನ್ನ ಹಿಡೀಬಹುದು, ಆತ ಏನಂದ ಹೇಳು — ಏನೂ ಅನ್ನಲಿಲ್ಲರಿ — ನೀ ಏನ್ ಕೇಳಿದಿ — ಕೇಳಲಿಲ್ಲರಿ, ಶಲ್ಯ ಹಾಕಿದ್ದೆ — ವಕೀಲರು ಕನ್ನಡಕ ತೆಗೆದು ಇಟ್ಟರು, ನೂರು ಮಂದಿ ನಡುವ ವ್ಯಾಪಾರ ಮಾಡಿ ಒಬ್ಬನ ಕಿವಿಗೂ ಒಂದು ಅಕ್ಷರ ಬೀಳದ್ಹಂಗ ನೋಡಿಕೊಂಡೀಯಲ್ಲೋ ಮಾರಾಯಾ, ಆತು, ನಿಮ್ಮ ಸಂತಿ ವಾಡಿಕಿ ಏನೈತಿ, ದೋಷ ಮುಚ್ಚಿ ಮಾರಿದ ಖೋಡಿ ಎತ್ತು ತಿರುಗಿ ತಗೊಂಡದ್ದು ಉಂಟೇನು, ಅಂಥಾದೊಂದು ಇದ್ರ ಹೇಳು, ಅದರ ಮ್ಯಾಲ ನಾ ದಾವಾ ಹೂಡ್ತೇನಿ. ನೆನಪು ಮಾಡಿ ಹೇಳ್ತೇನ್ರಿ ಎಂದು ಎದ್ದು ಬಂದಿದ್ದ.

ನೆನಪು ಮಾಡುವುದೇನು ಬಂತು, ಮೂವತ್ತು ವರ್ಷ, ಒಂದೂ ಇಲ್ಲ, ಹಗ್ಗ ಕೈ ಬದಲಾಯಿತೋ ಎತ್ತು ನಿಂದು, ಈ ಮಾತನ್ನು ಸಂತೆಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದವನು ಯಾರು, ತಾನೇ, ಜಗಳ ಬಿದ್ದಾಗ ಎಲ್ಲರೂ ಕರೆಯುತ್ತಿದ್ದುದು ತನ್ನನ್ನೇ — ತಿರುಗಿ ಕೊಡಲು ಬಂದವರು ಇರಲಿಲ್ಲವೆಂದಲ್ಲ, ಬಂದಿದ್ದರು, ಆಡೂರಿನ ದಾನವ್ವ ಬಂದಿದ್ದಳು, ಗಂಡ ತೀರಿಕೊಂಡ ವರ್ಷ, ಒಕ್ಕಲುತನ ತಾನೇ ನೋಡಬೇಕೆಂದು ಎತ್ತು ಕೊಂಡವಳು — ಅದಕ್ಕೆ ಒಂದು ಮುಂಗಾಲು ಕುಂಟು, ಕುಂಟು ಕಾಣಬಾರದೆಂದು ಮಾರುವವನು ಇನ್ನೊಂದು ಮುಂಗಾಲಿನ ಗೊರಸಿನ ಸಂದಿಯಲ್ಲಿ ಹರಳುಕಲ್ಲು ಸಿಕ್ಕಿಸಿದ್ದ, ಎರಡೂ ಕಾಲು ನೋಯುವ ಎತ್ತು ಸಮ ನಡೆಯುತ್ತದೆ, ಉಳವಪ್ಪ ಆ ಹರಳು ಕಂಡಿದ್ದ, ಕಂಡೂ ಶಲ್ಯ ಹಾಕಿದ್ದ, ಮೂರನೆಯ ದಿನ ಅವಳು ಆಡೂರಿನಿಂದ ಕುಂಟುವ ಎತ್ತನ್ನು ನಿಧಾನಕ್ಕೆ ನಡೆಸಿಕೊಂಡು ಅವನ ಬಾಗಿಲಿಗೆ ಬಂದಳು, ಬೈಯಲಿಲ್ಲ, ಅಳಲಿಲ್ಲ, ಹಗ್ಗ ಹಿಡಿದ ಕೈಯನ್ನು ಮುಂದಕ್ಕೆ ಚಾಚಿದಳು, ತಗೋರಿ ಯಪ್ಪಾ, ಬ್ಯಾರೇದು ಕೊಡ್ರಿ, ನನಗ ಗೊತ್ತಾಗಲಿಲ್ಲ. ಅವನು ಅಡಿಕೆ ಕತ್ತರಿಸುತ್ತಲೇ ಇದ್ದ, ಕೈ ಬದಲಾತವ್ವ, ಇನ್ನ ಅದು ನಿಂದು, ಅಂದ, ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನು ಅಡಿಕೆ ಬಾಯಿಗೆ ಹಾಕಿದ, ಎಲೆಗೆ ಸುಣ್ಣ ಹಚ್ಚಿದ, ಆ ಕೈ ಚಾಚಿಯೇ ಇತ್ತು, ಹಸಿರು ಬಳೆ ಇಲ್ಲದ ಮುಂಗೈ, ಅದರಲ್ಲಿ ಹಗ್ಗ — ಊರು ಬಂತ್ರಿ, ಹುಚ್ಚಪ್ಪ ಕೂಗಿದ, ಇದು ಸಾಹುಕಾರರ ಓಣೀನ ಏನು.

ಸಾಹುಕಾರರ ಓಣಿಯೇ, ದೊಡ್ಡ ಬಾಗಿಲು, ಕಟ್ಟೆಯ ಮೇಲೆ ಕರಿಬಸಪ್ಪ, ಜೊತೆಗೆ ನಾಲ್ಕು ಜನ ಹಿರಿಯರು, ಬರ್ರಿ ಉಳವಪ್ಪನವರ, ಕುಂದ್ರ ಬರ್ರಿ, ಚಾ ತರಸ್ಲೇನು, ಮೋರೆಯಲ್ಲಿ ಒಂದು ಗೆರೆ ಅಲುಗಿಲ್ಲ, ಉಳವಪ್ಪ ಇಳಿದ, ಸಾಹುಕಾರ್ರ, ಗೇರಿನ್ಯಾಗ ಹೊಟ್ಟು ತುಂಬೀರಿ, ಇದು ನ್ಯಾಯ ಅಲ್ಲ, ನಿಮ್ಮ ಮೋಟಾರು ತಗೋರಿ, ನನ್ನ ಎತ್ತು ಕೊಡ್ರಿ — ಅವನ ದನಿಗೆ ಹಿತ್ತಲಲ್ಲಿ ಗಂಟೆ ಸದ್ದಾಯಿತು, ತೆರೆದ ಬಾಗಿಲಿನ ಆಚೆ ಮೇವಿನ ಗೋದಲಿಯ ಮೇಲೆ ಕೆಂದ ತಲೆ ಎತ್ತಿದ್ದಾನೆ, ಕಿವಿ ಮುಂದೆ ಮಾಡಿದ್ದಾನೆ, ದನಿ ಗುರುತು ಹಿಡಿದುಬಿಟ್ಟಿದ್ದಾನೆ, ಮಹಾದೇವಕ್ಕನ ಕೆಂದ — ಕರಿಬಸಪ್ಪ ನಗುತ್ತ ಹಿರಿಯರ ಕಡೆ ತಿರುಗಿದ, ಹೊಟ್ಟಿನ ಸುದ್ದಿ ನನಗ ತಿಳೀದರಿ, ನಾ ಏನರ ಅಂದೇನಾ, ಶಲ್ಯ ಹಾಕಿದವರು ಅವರು, ಸಂತಿ ಅವರದು, ವಾಡಿಕಿ ಅವರದು, ಆತು, ಹಿರೇರು ಕುಂತೀರಿ, ನಿಮ್ಮ ಮುಂದ ಮಾತು ಕೊಡ್ತೇನಿ, ಉಳವಪ್ಪನವರು ಮೂವತ್ತು ವರ್ಷದಾಗ ಖೋಡಿ ಎತ್ತು ತಿರುಗಿ ತಗೊಂಡದ್ದು ಒಂದ, ಒಂದ ಒಂದು ಹೆಸರು ಹೇಳ್ಲಿ, ಈಗಿಂದೀಗ ನಾಕೂ ಎತ್ತು ಬಿಚ್ಚಿ ಕೊಡ್ತೇನಿ. ಹಿರಿಯರು ತಲೆದೂಗಿದರು, ಸರಿ ಮಾತು, ಹೇಳ್ರಿ ಉಳವಪ್ಪ. ಒಂದು ಹೆಸರು, ಒಂದೇ ಹೆಸರು, ಹಿರೇಕೆರೂರಿನಲ್ಲಿ ಆಡೂರಿನ ಹೆಂಗಸಿನ ಸುದ್ದಿ ಯಾರಿಗೆ ಗೊತ್ತು, ತಗೊಂಡಿದ್ದೆ, ಆಡೂರ ದಾನವ್ವನ ಎತ್ತು ತಗೊಂಡಿದ್ದೆ ಎಂದರೆ ಮುಗಿಯಿತು, ಕತ್ತಲಾಗುವುದರೊಳಗೆ ಕೆಂದ ಊರ ದಾರಿ ಹಿಡಿದಿರುತ್ತಾನೆ, ಹೆಸರು ನಾಲಿಗೆಯ ತುದಿಯವರೆಗೆ ಬಂದಿದೆ, ಬಾಯಿ ತೆರೆದಿದ್ದಾನೆ, ಆಡೂರ ದಾ — ಹೆಸರಿನ ಹಿಂದೆಯೇ ದಾನವ್ವನ ಕೈ ಬಂತು, ಬಳೆ ಇಲ್ಲದ ಮುಂಗೈ, ಅದನ್ನು ದಾಟಿದರೆ ಆ ಸುಳ್ಳು ಮಾತು, ದಾಟಲು ಆಗುತ್ತಿಲ್ಲ, ಹೇಳ್ರಿ, ಹೇಳ್ರಿ ಎನ್ನುತ್ತಿದ್ದಾರೆ, ಕೆಂದ ನೋಡುತ್ತಿದ್ದಾನೆ, ಉಳವಪ್ಪನ ಬಾಯಿ ತೆರೆದೇ ಇದೆ, ಅಂದು ಆ ಹಗ್ಗ ಅವನು ಹಿಡಿಯಲಿಲ್ಲ, ಕೈ ಇನ್ನೂ ಚಾಚಿಯೇ ಇದೆ, ಹಗ್ಗದ ತುದಿ ಅವನ ಕಡೆಗೆ, ತಗೋರಿ ಯಪ್ಪಾ — ಹಗ್ಗ — ತಗೋರಿ —