ನೆಗ್ಗಿದ ಪಾವು

ನಾನು ಒಂದು ಪಾವು. ಪಾವು ಎಂದರೇನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು: ಸೇರಿನಲ್ಲಿ ಕಾಲು ಭಾಗ ಹಿಡಿಯುವ ಅಳತೆಯ ಪಾತ್ರೆ. ಕೆಳಗೆ ಹೊಟ್ಟೆ, ಮೇಲೆ ಬಾಯಿ, ಇಷ್ಟೇ ನನ್ನ ರೂಪ. ತಿಪಟೂರಿನ ಕಂಚುಗಾರನೊಬ್ಬ ಹಿತ್ತಾಳೆಯ ತಗಡನ್ನು ಬಡಿದು ಬಡಿದು ನನ್ನನ್ನು ಮಾಡಿದ. ಅಕ್ಕಿ ತುಂಬಿ ನೋಡಿದ, ಒಂದಿಷ್ಟು ಕಾಳು ಹೆಚ್ಚು ಹಿಡಿಯಿತೆಂದು ಅಂಚನ್ನು ಅರದಿಂದ ಉಜ್ಜಿದ. ಆಮೇಲೆ ಸರ್ಕಾರದವರು ಮುದ್ರೆ ಒತ್ತಿದರು. ಅಂದಿನಿಂದ ನನಗೆ ಸ್ವಲ್ಪ ಜಂಬ ಬಂದದ್ದು ನಿಜ.

ಮೊದಲು ನಾನು ಸೇರಿದ್ದು ರುದ್ರಯ್ಯನವರ ದಿನಸಿ ಅಂಗಡಿಗೆ. ಆತ ಕೊಳ್ಳುವಾಗ ನನ್ನ ಮೇಲೆ ಗೋಪುರ ಬರುವಂತೆ ಅಳೆಯುತ್ತಿದ್ದ, ಮಾರುವಾಗ ಬೆರಳಿನಿಂದ ತಲೆ ಸವರಿ ಒಂದು ಕಾಳೂ ಮೇಲೆ ನಿಲ್ಲದಂತೆ ನೋಡಿಕೊಳ್ಳುತ್ತಿದ್ದ. ಮುದ್ರೆ ನನ್ನ ಹೊಟ್ಟೆಯ ಮೇಲಿತ್ತು, ಬೆರಳು ಅವನದಾಗಿತ್ತು. ನಾನೇನು ಮಾಡಲಿ? ಮುಂದೆ ಕಿಲೋ, ಲೀಟರು ಬಂದು ನನಗೆ ಕೆಲಸವಿಲ್ಲದಂತಾಯಿತು. ಮಗಳು ಚೆನ್ನಾಜಮ್ಮನ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಜೊತೆ ನನ್ನನ್ನೂ ಸಾಗಹಾಕಿದರು.

ಚೆನ್ನಾಜಮ್ಮನಿಗೆ ಅಳತೆಯೆಂದರೆ ಅಷ್ಟಕ್ಕಷ್ಟೆ. ಎಷ್ಟು ಜನ ಊಟಕ್ಕೆ ಬಂದರೂ ಕೈಯಂದಾಜು, ಕಣ್ಣಂದಾಜು. ಅಕ್ಕಿ ಡಬ್ಬದಲ್ಲಿ ನನ್ನನ್ನು ಬರೀ ಮೊಗೆಯುವುದಕ್ಕೆ ಇಟ್ಟಿದ್ದಳು. ಒಮ್ಮೆ ಮುಕ್ಕಾಲು ತುಂಬುವಳು, ಒಮ್ಮೆ ತುಳುಕುವಂತೆ. ಮುದ್ರೆ ಬಿದ್ದ ನನಗೆ ಇದು ಅವಮಾನವಾಗಿತ್ತು. ಆದರೆ ಆ ಮನೆಯಲ್ಲಿ ಅನ್ನ ಮುದ್ದೆಯಾದದ್ದನ್ನಾಗಲಿ, ಸಾರು ನೀರಾದದ್ದನ್ನಾಗಲಿ ನಾನು ಕಾಣಲಿಲ್ಲ.

ನನ್ನ ಹೊಟ್ಟೆ ನೆಗ್ಗಿದ್ದು ಆಕೆಯ ಸೊಸೆ ವಿಮಲಾಕ್ಷಿ ಮನೆ ತುಂಬಿದ ದಿನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ನನ್ನನ್ನು ಇಟ್ಟರು. ಮದುಮಗಳು ಬಲಗಾಲಿನ ತುದಿಯಿಂದ ಮೆಲ್ಲಗೆ ಒದ್ದು ಒಳಗೆ ಬರಬೇಕು. ಪಾಪ, ಹುಡುಗಿಗೆ ಗಾಬರಿ. ಒದ್ದ ರಭಸಕ್ಕೆ ನಾನು ನಡುಮನೆ ದಾಟಿ ಒಳಾಂಗಳದ ಕಲ್ಲುಮೆಟ್ಟಿಲುಗಳ ಮೇಲೆ ಉರುಳಿ ಬಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ವಿಮಲಾಕ್ಷಿಯ ಕಣ್ಣಲ್ಲಿ ನೀರಾಡಿತು.

"ಅಳಬ್ಯಾಡ ಕಣವ್ವ," ಎಂದಳು ಚೆನ್ನಾಜಮ್ಮ. "ನನಗಂತೂ ಅದರ ಅಳತೆ ಬೇಕಾಗಿಲ್ಲ."

ಸೊಸೆಗೆ ಮಾತ್ರ ಅಳತೆ ಬೇಕಾಗಿತ್ತು. ಅವಳು ಹೊಲಿಗೆಯವರ ಮಗಳು, ಅರ್ಧ ಇಂಚು ತಪ್ಪಿದರೆ ರವಿಕೆಯೇ ಹಾಳು ಎಂಬುದನ್ನು ಕೇಳುತ್ತ ಬೆಳೆದವಳು. ಅತ್ತೆಯ "ಒಂದಿಷ್ಟು", "ಒಂಚೂರು" ಅವಳ ತಲೆಗೆ ಹತ್ತುತ್ತಿರಲಿಲ್ಲ. ಅದರಲ್ಲೂ ದೀಪಾವಳಿಯ ಕಜ್ಜಾಯ. ಆ ಮನೆಯಲ್ಲಿ ಕೇದಾರೇಶ್ವರ ವ್ರತಕ್ಕೆ ಕಜ್ಜಾಯದ್ದೇ ನೈವೇದ್ಯ, ಅದೂ ಮನೆಯ ಸೊಸೆಯೇ ಮಾಡಬೇಕು. ನೆನೆದ ಅಕ್ಕಿಯ ಹಿಟ್ಟನ್ನು ಬೆಲ್ಲದ ಪಾಕಕ್ಕೆ ಕೂಡಿಸುವುದು ನೋಡಲು ಸುಲಭ. ಹಿಟ್ಟು ಕಡಿಮೆಯಾದರೆ ಎಣ್ಣೆಯಲ್ಲಿ ಕರಗಿಹೋಗುತ್ತದೆ, ಹೆಚ್ಚಾದರೆ ಬಿರಿದು ಹೆಂಚಿನಂತಾಗುತ್ತದೆ.

"ಎಷ್ಟು ಹಿಟ್ಟು ಅತ್ತೆ?"

"ಪಾಕ ಕೇಳಿದಷ್ಟು."

"ಅದು ಕೇಳೋದು ನನಗೆ ಕೇಳಿಸಲ್ವಲ್ಲ ಅತ್ತೆ," ಎಂದು ವಿಮಲಾಕ್ಷಿ ಅಳುವಂತಾದಳು.

ಆ ವರ್ಷ ಚೆನ್ನಾಜಮ್ಮ ಎಂದೂ ಮಾಡದ ಕೆಲಸ ಮಾಡಿದಳು. ತನ್ನ ಅಂದಾಜಿನಲ್ಲಿ ತೆಗೆದ ಅಕ್ಕಿಯನ್ನು ಸೊಸೆಗಾಗಿ ನನ್ನಲ್ಲಿ ತುಂಬಿ ತುಂಬಿ ಅಳೆದಳು. ನೆಗ್ಗಿದ ನನ್ನಲ್ಲಿ ತಲೆ ಸವರಿ ನಾಲ್ಕು ಪಾವು ಬಂತು. ಅದಕ್ಕೆ ಆರು ಅಚ್ಚು ಬೆಲ್ಲ. "ಇಷ್ಟೇ ಕಣವ್ವ, ಹಿಡ್ಕೋ," ಎಂದಳು. ಅಂದಿನಿಂದ ಅಳೆಯುವುದು ಸೊಸೆ, ಪಾಕ ತಿರುವುವುದು ಅತ್ತೆ. ಕಜ್ಜಾಯ ಒಂದು ವರ್ಷವೂ ಕೆಡಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ಬೆಲೆ ಬಂತು, ಅದೂ ನೆಗ್ಗಿದ ಮೇಲೆ.

ಹೀಗಿರುವಾಗ ಒಂದು ಶ್ರಾವಣದಲ್ಲಿ ಚೆನ್ನಾಜಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಮಗ ನಾಗಭೂಷಣ ಆಕೆಯ ಮಂಚವನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ ಹಾಕಿದ. ದೀಪಾವಳಿ ಹತ್ತಿರ ಬಂತು. ಈ ಸಲ ಪಾಕವೂ ವಿಮಲಾಕ್ಷಿಯದೇ. ಅವಳಿಗೆ ಇದ್ದದ್ದು ಒಂದೇ ಆಸೆ: ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡು ತಲೆಯಾಡಿಸಬೇಕು. ಇನ್ನೊಂದು ದೀಪಾವಳಿಗೆ ಆಕೆ ಇರುವುದು ಅನುಮಾನವೆಂದು ಡಾಕ್ಟರು ಹೇಳಿದ್ದರು.

ಯಾವುದರಲ್ಲೂ ಕೊರತೆಯಾಗಬಾರದೆಂದು ಅವಳು ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಸಿದಳು. ನನ್ನನ್ನೂ ಒಯ್ದು ಕಲಾಯಿಯವನ ಮುಂದೆ ಇಟ್ಟಳು. "ಇದರ ನೆಗ್ಗು ತೆಗೆದುಬಿಡಿ. ನಾನೇ ಮಾಡಿದ್ದು, ನೋಡಿದಾಗೆಲ್ಲ ನಾಚಿಕೆಯಾಗುತ್ತೆ. ಅಳತೆ ಅಂದ್ಮೇಲೆ ಸರಿಯಾಗಿರಬೇಕಲ್ವಾ?"

ಬೇಡ ತಾಯಿ, ನಿನ್ನ ಅಳತೆ ಇರುವುದೇ ಆ ನೆಗ್ಗಿನಲ್ಲಿ ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಕಲಾಯಿಯವನ ಸುತ್ತಿಗೆ ಬಡಿದದ್ದು ಮಾತ್ರ ಹೊರಗೆ ಕೇಳಿಸಿತು. ನನ್ನ ಹೊಟ್ಟೆ ಮೊದಲಿನಂತೆ ಗುಂಡಗಾಯಿತು. ಈಗ ನಾನು ಒಂದೊಂದು ಸಲವೂ ಒಂದು ಸಣ್ಣ ಹಿಡಿ ಅಕ್ಕಿ ಹೆಚ್ಚು ನುಂಗುತ್ತಿದ್ದೆ.

ಅಕ್ಕಿ ನೆನೆಹಾಕುವ ದಿನ ಚೆನ್ನಾಜಮ್ಮ ನನ್ನನ್ನು ಕಂಡಳು. ಕಂಡ ಕೂಡಲೇ ಆಕೆಯ ಎಡಗೈ ಮೇಲೆದ್ದಿತು. ಗಂಟಲಿನಿಂದ "ಆ... ಪಾ..." ಎಂದೇನೋ ಹೊರಟಿತು.

"ನೀರು ಬೇಕಾ ಅತ್ತೆ?" ವಿಮಲಾಕ್ಷಿ ಓಡಿಹೋಗಿ ನೀರು ತಂದಳು. ಆಕೆ ತಲೆ ಕೊಡವಿದಳು. ಶಾಲು ಹೊದಿಸಿದರು, ಅದನ್ನೂ ಕಿತ್ತೆಸೆದಳು.

"ತಾನು ಮಾಡೋಕಾಗ್ಲಿಲ್ವಲ್ಲ ಅಂತ ಅವ್ವಂಗೆ ಸಂಕಟ. ನೀನು ಮಾಡು," ಎಂದ ನಾಗಭೂಷಣ.

ವಿಮಲಾಕ್ಷಿ ಅತ್ತೆಯ ಕೆನ್ನೆ ಸವರಿದಳು. "ನೀವು ಹೇಳ್ಕೊಟ್ಟ ಹಾಗೇ ಮಾಡ್ತಿದ್ದೀನಿ ಅತ್ತೆ. ಒಂದು ಕಾಳೂ ಹೆಚ್ಚುಕಮ್ಮಿ ಮಾಡಲ್ಲ."

ನಿಜ ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ. ಇಬ್ಬರೂ ಮೂಗರು.

ಪಾಕದ ದಿನ ಇನ್ನೂ ಹಿಟ್ಟು ಮಿಕ್ಕಿರುವಾಗಲೇ ಪಾಕ ಗಟ್ಟಿಯಾಗತೊಡಗಿತು. ಸೌಟು ತಿರುಗಲಾರದೆ ನಿಂತಿತು. ವಿಮಲಾಕ್ಷಿಯ ಕೈಯೂ ಒಂದು ಗಳಿಗೆ ತಡೆಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಪಾಕ ಅವಳೊಡನೆ ಮಾತಾಡುತ್ತಿತ್ತು, ಅವಳಿಗೆ ಅದು ಕೇಳಿಸಿಯೂ ಇತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾಲ್ಕು ಪಾವು ಎಂದರೆ ನಾಲ್ಕು ಪಾವು. ಉಳಿದ ಹಿಟ್ಟನ್ನೆಲ್ಲ ಸುರಿದುಬಿಟ್ಟಳು.

ಕಜ್ಜಾಯ ಎಣ್ಣೆಯಲ್ಲಿ ಬಿರಿಯಿತು. ದೇವರ ಮುಂದೆ ಇಟ್ಟದ್ದು ಹಲ್ಲಿಗೆ ಸಿಕ್ಕರೆ ಹಲ್ಲೇ ಮುರಿಯುವಂತಿತ್ತು. ಹಬ್ಬಕ್ಕೆ ಬಂದಿದ್ದ ನಾದಿನಿ ಗಂಗಾಂಬಿಕೆ, "ಹೋಗ್ಲಿ ಬಿಡಿ ಅತ್ತಿಗೆ, ಅವ್ವನ ಕೈ ಅವ್ವಂಗೇ," ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆದರೂ ಚುಚ್ಚಿತು. ವಿಮಲಾಕ್ಷಿ ಒಂದು ತುಂಡನ್ನು ಹಾಲಿನಲ್ಲಿ ನೆನೆಸಿ ಅತ್ತೆಯ ತುಟಿಗೆ ಒಯ್ದಳು. ಚೆನ್ನಾಜಮ್ಮ ಅದನ್ನು ಸರಿಸಿ, ಅಡುಗೆಮನೆಯ ಹೊಸ್ತಿಲ ಬಳಿಯಿದ್ದ ನನ್ನನ್ನು ಎಡಗೈಯಲ್ಲಿ ಬಾಚಿಕೊಂಡಳು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನೆಲದ ಕಲ್ಲಿಗೆ ಕುಟ್ಟಿದಳು. ನನ್ನ ಹೊಟ್ಟೆ ಒಳಕ್ಕೆ ಹೋಗುವವರೆಗೂ ಕುಟ್ಟಿದಳು. ಆಮೇಲೆ ನನ್ನನ್ನು ಸೊಸೆಯ ಕಡೆಗೆ ಚಾಚಿ, ಅವಳ ಮುಖವನ್ನೇ ನೋಡಿದಳು.

"ನನ್ನ ಮೇಲೆ ಇಷ್ಟೊಂದು ಸಿಟ್ಟಾ ಅತ್ತೆ?" ಎಂದು ವಿಮಲಾಕ್ಷಿ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ಚಾಚಿದ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಕೆಳಗಿಳಿಯಿತು.

ಶಿವರಾತ್ರಿ ಕಳೆದು ಚೆನ್ನಾಜಮ್ಮ ತೀರಿಕೊಂಡಳು. ಮುಂದಿನ ದೀಪಾವಳಿಯಿಂದ ಆ ಮನೆಗೆ ಅಂಗಡಿಯ ಕಜ್ಜಾಯ ಬರತೊಡಗಿತು. ಅಡುಗೆಮನೆಗೆ ಗ್ರಾಂ ತೋರಿಸುವ ತಕ್ಕಡಿ ಬಂತು. ವಿಮಲಾಕ್ಷಿ ಅದರಲ್ಲಿ ಅಳೆದು ಕೇಕು, ಬಿಸ್ಕತ್ತು ಮಾಡುತ್ತಾಳೆ, ಚೆನ್ನಾಗಿಯೇ ಬರುತ್ತವೆ. ಕಜ್ಜಾಯಕ್ಕೆ ಮಾತ್ರ ಕೈ ಹಾಕುವುದಿಲ್ಲ.

ನಾನೀಗ ದೇವರ ಗೂಡಿನಲ್ಲಿ ಬತ್ತಿ ತುಂಬಿಕೊಂಡು ಕೂತಿದ್ದೇನೆ. ದಿನಾ ಬೆಳಿಗ್ಗೆ ಅವಳು ನನ್ನನ್ನು ಒರೆಸುತ್ತಾಳೆ. ನೆಗ್ಗಿನ ಹತ್ತಿರ ಬಂದಾಗ ಬಟ್ಟೆ ನಿಲ್ಲುತ್ತದೆ, ಹೆಬ್ಬೆರಳು ಆ ಕುಳಿಯೊಳಗೆ ಒಂದು ಗಳಿಗೆ ಕೂರುತ್ತದೆ. "ತಪ್ಪಾಯ್ತು ಅತ್ತೆ," ಎನ್ನುತ್ತಾಳೆ. ಅವಳ ಪಾಲಿಗೆ ಅದು ಅತ್ತೆಯ ಸಿಟ್ಟು. ಅಂದು ಕುಟ್ಟಿದ್ದು ಎಷ್ಟು ಬೇಕೋ ಅಷ್ಟೇ ಒಳಕ್ಕೆ ಹೋಗಿದೆ. ಬತ್ತಿಯನ್ನು ಸುರಿದು ಒಮ್ಮೆ ಅಕ್ಕಿ ತುಂಬಿದರೆ ನಾಲ್ಕು ಪಾವಿಗೆ ಆರು ಅಚ್ಚು ಇವತ್ತಿಗೂ ಸರಿಹೋಗುತ್ತದೆ. ಇದನ್ನು ಹೇಳಲು ನನಗೆ ಇಷ್ಟಗಲ ಬಾಯಿದೆ, ಬಾಯಿತುಂಬ ಬತ್ತಿಯಿದೆ. ಅವಳು ಒಂದನ್ನು ತೆಗೆದು ದೀಪಕ್ಕೆ ಹಾಕಿ, ಕೈಮುಗಿದು ಒಳಗೆ ಹೋಗುತ್ತಾಳೆ.