ನೀರು ನಿಲ್ಲದ ತಗಡು

ನಾನು ಒಂದು ಸ್ಟೀಲ್ ತಗಡು, ಅಂಗೈಯಷ್ಟೇ ಅಗಲ. ನನ್ನ ಜೊತೆಯವರೆಲ್ಲ ತಟ್ಟೆ, ಡಬ್ಬಿಗಳಾಗಿ ಅಡುಗೆಮನೆ ಸೇರಿದರು. ನಾನು ಮಾತ್ರ ಧಾರವಾಡದ ಒಂದು ಪ್ರಯೋಗಾಲಯಕ್ಕೆ ಬಂದೆ. ಅದಕ್ಕೆ ನನಗೆ ಸ್ವಲ್ಪ ಜಂಬವೂ ಇತ್ತು.

ಅಲ್ಲಿ ಸಂಶೋಧನೆ ಮಾಡುತ್ತಿದ್ದ ದಾನೇಶ್ವರಿ ನನ್ನನ್ನು ಲೇಸರ್ ಕೆಳಗೆ ಇಟ್ಟಳು. ಎಂಥ ಬೆಳಕು ಅದು! ಬಿಸಿ ತಾಗಿತೆಂದು ನನಗೆ ಗೊತ್ತಾಗುವ ಮೊದಲೇ ಬಂದು ಹೋಗಿರುತ್ತಿತ್ತು. ಹೋದಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಬಿಡುತ್ತಿತ್ತು. ಮೈಯೆಲ್ಲ ಕಪ್ಪಾಯಿತು. ಆಮೇಲೆ ನನ್ನ ಮೇಲೆ ಬಿದ್ದ ನೀರಿನ ಹನಿ ನಿಲ್ಲದೆ ಉರುಳಿಹೋಯಿತು. ಆಸ್ಪತ್ರೆಯ ಚಾಕು, ಚಿಮಟಗಳಿಗೆ ರಕ್ತ ಅಂಟದಂತೆ ಮಾಡಬೇಕೆಂಬುದು ಅವಳ ಕನಸು. ಹನಿಯ ಮೇಲೆ ಹನಿ ಬಿಟ್ಟು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಬೆರಳಿನ ಜಿಡ್ಡು ತಾಗಿದರೂ ನಾನು ಕೆಡುತ್ತೇನೆಂದು ಗಾಜಿನ ಡಬ್ಬಿಯಲ್ಲಿಟ್ಟಳು.

ಅದೇ ವಾರ ಲೇಸರ್ ಕೆಟ್ಟಿತು. ನನ್ನಂಥ ಇನ್ನೊಂದನ್ನು ಮಾಡುವ ಹಾಗಿರಲಿಲ್ಲ. ದಸರೆ ಮುಗಿದ ಮೇಲೆ ಬರುವ, ಹಣ ಮಂಜೂರು ಮಾಡುವ ಸಮಿತಿ ನನ್ನನ್ನು ನೋಡಿ ಒಪ್ಪಿದರೆ ಲೇಸರ್ ರಿಪೇರಿ, ಅವಳ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಖಂಡೇನವಮಿಯ ದಿನ ಯಂತ್ರಗಳಿಗೆಲ್ಲ ಪೂಜೆ. ದಾನೇಶ್ವರಿಯ ತಾಯಿ ನೀಲವ್ವ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಮಗಳು ಹೂವು ತರಲು ಹೊರಗೆ ಹೋದಾಗ ಆಕೆ ನನ್ನ ಡಬ್ಬಿ ತೆರೆದಳು.

"ಎಷ್ಟ್ ಕರ್ರಗಾಗೀಯೋ ನಮ್ಮಪ್ಪಾ" ಎಂದು ಸೆರಗಿನಿಂದ ಗಸಗಸ ತಿಕ್ಕಿದಳು. ಕುಂಕುಮ ಹಿಡಿಯಲೆಂದು ಕೊಬ್ಬರಿ ಎಣ್ಣೆ ಸವರಿದಳು. ಕುಂಕುಮ ಹಚ್ಚಿ ಕೈ ಮುಗಿದಳು. "ನಿನ್ನ ಸಲುವಾಗಿ ನನ್ನ ಮಗಳು ಊಟ, ನಿದ್ದಿ ಬಿಟ್ಟಾಳ. ಆಕೀನ್ನ ಕೈ ಬಿಡಬ್ಯಾಡ."

ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಎಣ್ಣೆ ತಗ್ಗುಗಳಿಗೆ ಇಳಿಯುತ್ತಿತ್ತು, ನಾನು ಸುಮ್ಮನೆ ಬಿದ್ದಿದ್ದೆ.

ಹೂವು ಹಿಡಿದು ಬಂದ ದಾನೇಶ್ವರಿ ಬಾಗಿಲಲ್ಲೇ ನಿಂತುಬಿಟ್ಟಳು.

"ಚಂದ ಕಾಣ್ತದಲ್ಲ?" ಎಂದಳು ತಾಯಿ.

"ಹೂಂ ಯವ್ವಾ. ಚಂದ ಕಾಣ್ತದ."

ತಾಯಿ ಹೋದ ಮೇಲೆ ನನ್ನನ್ನು ತೊಳೆದಳು, ಮತ್ತೆ ಮತ್ತೆ ತೊಳೆದಳು. ಕುಂಕುಮ ಹೋಯಿತು, ಜಿಡ್ಡು ಹೋಗಲಿಲ್ಲ. ತಿಕ್ಕಿದ ಕಡೆ ಉಬ್ಬುಗಳೇ ಸವೆದಿದ್ದವು. ಸಮಿತಿಯ ಎದುರು ಹನಿ ನನ್ನ ಮೇಲೆ ಬಿದ್ದು ಹರಡಿ ಕೂತಿತು. ಉರುಳು, ಉರುಳು ಎಂದು ಬೇಡಿಕೊಂಡೆ. ಬಂದವರು ಚಹಾ ಕುಡಿದು ಹೋದರು. ಬಾಗಿಲಿಗೆ ಬೀಗ ಬಿತ್ತು.

ಈಗ ನಾನು ನೀಲವ್ವನ ದೇವರ ಜಗಲಿಯ ಮೂಲೆಯಲ್ಲಿದ್ದೇನೆ. ದಾನೇಶ್ವರಿಗೆ ಮತ್ತೆ ಅಂಥ ಕೆಲಸ ಸಿಗಲಿಲ್ಲ, ಹುಡುಕುವುದನ್ನೂ ಬಿಟ್ಟಿದ್ದಾಳೆ. ನಾನು ಕೆಟ್ಟಿದ್ದು ಹೇಗೆಂದು ತಾಯಿಗೆ ಅವಳು ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಬಾಯಿದ್ದಿದ್ದರೆ ನಾನೂ ಹೇಳುತ್ತಿರಲಿಲ್ಲ.

ಪ್ರತಿ ಖಂಡೇನವಮಿಗೆ ನೀಲವ್ವ ನನ್ನನ್ನು ಕೆಳಗಿಳಿಸಿ ಎಣ್ಣೆ ಸವರುತ್ತಾಳೆ. "ಈ ವರ್ಷನಾದ್ರೂ ನನ್ನ ಮಗಳ ಮ್ಯಾಲೆ ಕಣ್ಣು ತೆರಿಯೋ" ಎಂದು ಬೇಡುತ್ತಾಳೆ. ಕುಂಕುಮದ ಬಟ್ಟಲು ಹಿಡಿದುಕೊಂಡು ದಾನೇಶ್ವರಿ ಪಕ್ಕದಲ್ಲೇ ನಿಂತಿರುತ್ತಾಳೆ.