ಸೋಯಾ ಹಾಲಿಗೆ ಹೆಪ್ಪು

ಎದುರಿನ ಕುರ್ಚಿಯ ತಾಯಿಯ ತೊಡೆಯ ಮೇಲಿದ್ದ ಮಗು ಬಾಟಲಿಯನ್ನು ಬಾಯಿಂದ ಬಿಟ್ಟಿತು, ಮೇಲ್ದುಟಿಯ ಮೇಲೆ ತೆಳ್ಳನೆಯ ಬಿಳಿ ಗೆರೆ, ತಾಯಿ ಅದನ್ನು ಹೆಬ್ಬೆರಳಿನಿಂದ ಒರೆಸಿದಳು, ಮಗು ತೇಗಿತು, ನಕ್ಕಿತು, ಅಷ್ಟೇ — ಹಾಲು ಕುಡಿದ ಮಗುವಿಗೆ ಇನ್ನೇನಾಗಬೇಕು, ಹಾಲಿನಿಂದ ಯಾರಿಗಾದರೂ ಏನಾದರೂ ಆಗುವುದುಂಟೇ ಎಂದೇ ಇಂದುಮತಿ ಇಷ್ಟು ವಯಸ್ಸಿನವರೆಗೂ ನಂಬಿಕೊಂಡು ಬಂದಿದ್ದಳು, ಈಗ ಆಸ್ಟಿನ್ನಿನ ಈ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲ ಹೊರಗೆ, ಕೊರೆಯುವ ಎ.ಸಿ.ಯಲ್ಲಿ ದುಪಟ್ಟಾವನ್ನು ಕಿವಿಯವರೆಗೆ ಹೊದ್ದು, ಮಗುವಿನ ತುಟಿಯನ್ನು ನೋಡಲಾರದೆ ನೆಲ ನೋಡುತ್ತಾಳೆ. ಭುಜದ ಮೇಲೆ ಮಹತಿಯ ತಲೆ ಭಾರವಾಗಿದೆ, ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೇ ಒರಗುತ್ತಿದ್ದಳು, ಇಟ್ಸ್ ಮೈ ಫಾಲ್ಟ್ ಅಮ್ಮ, ಎನ್ನುತ್ತಾಳೆ ಮತ್ತೆ, ಆ ಸೌಟು ನಾನು ನಿನ್ನೆ ಪಾಸ್ತಾಗೆ ಯೂಸ್ ಮಾಡಿದ್ದೆ, ಚೀಸ್ ಇತ್ತು, ಸರಿಯಾಗಿ ತೊಳೆದೇ ಇಲ್ಲ ಅನ್ಸುತ್ತೆ, ಐ ಆಲ್‌ಮೋಸ್ಟ್ ಕಿಲ್ಡ್ ಹರ್. ಇಲ್ಲ ಪುಟ್ಟಾ, ನಿನ್ನ ತಪ್ಪಲ್ಲ, ಎಂದಳು ಇಂದುಮತಿ, ಹಾಗೆಂದು ಮಗಳ ಕೂದಲಲ್ಲಿ ಬೆರಳಾಡಿಸಿದಳು, ಆಡಿದ್ದು ಸತ್ಯವೇ ಎಂದು ಒಂದು ಕ್ಷಣ ಸಮಾಧಾನವೂ ಆಯಿತು, ಮಗಳ ತಪ್ಪಲ್ಲ ಎಂಬುದಂತೂ ಸತ್ಯ, ಅದರ ಮುಂದಿನ ಮಾತು ಗಂಟಲಲ್ಲಿ ಕೂತಿದೆ, ಮೇಲೂ ಬಾರದು ಕೆಳಗೂ ಇಳಿಯದು, ಗಂಟಲು — ಆ ಹುಡುಗಿಯ ಗಂಟಲು ಕಟ್ಟಿಕೊಂಡಿತಲ್ಲ, ಕುತ್ತಿಗೆ ಹಿಡಿದುಕೊಂಡು ಬ್ಯಾಗಿನ ಕಡೆ ಕೈ ತೋರಿಸಿದಳಲ್ಲ, ಮಹತಿ ಓಡಿಹೋಗಿ ಆ ಪೆನ್ನಿನಂಥ ಇಂಜೆಕ್ಷನ್ನನ್ನು ಜೀನ್ಸಿನ ಮೇಲೇ ಅವಳ ತೊಡೆಗೆ ಒತ್ತಿದಳಲ್ಲ, ಆಗ ತಾನು ಏನು ಮಾಡುತ್ತಿದ್ದೆ, ಮೊಸರಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆ, ಹೌದು, ಮುಚ್ಚಳ ಹಾಕುತ್ತಿದ್ದೆ.

ದಾಕ್ಷಾಯಣಿ. ಧಾರವಾಡದ ಹುಡುಗಿ, ಮಹತಿಯ ಜೊತೆ ಎಂ.ಎಸ್. ಮಾಡುವವಳು, ಒಂದೇ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ರೂಮು. ಕಳೆದ ದೀಪಾವಳಿಗೆ ಮಹತಿ ಅವಳನ್ನು ಹ್ಯೂಸ್ಟನ್ನಿನ ಪಕ್ಕದ ಫುಲ್‌ಶೀರಿನ ತಮ್ಮ ಮನೆಗೆ ಕರೆತಂದಾಗ ಇಂದುಮತಿ ಹಬ್ಬದಡುಗೆಯನ್ನೆಲ್ಲ ಟೇಬಲ್ಲಿನ ಮೇಲೆ ಹರಡಿದ್ದಳು, ಹುಡುಗಿ ಒಂದೊಂದರ ಮುಂದೂ ನಿಂತು, ಇದಕ್ಕ ತುಪ್ಪ ಹಾಕೀರೇನ್ರಿ ಆಂಟಿ, ಇದಕ್ಕ ಹಾಲು ಹಾಕೀರೇನ್ರಿ, ಎಂದು ಕೇಳುತ್ತ ಹೋದಳು, ಎಲ್ಲದಕ್ಕೂ ಹಾಕಿತ್ತು, ಕೊನೆಗೆ ಬಿಳಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಛಲೋ ಐತ್ರಿ ಎಂದು ನಗುತ್ತ ತಿಂದಳು, ಹಬ್ಬದ ದಿನ, ತನ್ನ ಮನೆಯಲ್ಲಿ, ಉಪ್ಪಿನಕಾಯಿ ಅನ್ನ. ಅಲರ್ಜಿ ಅಂದ್ರೆ ಏನಮ್ಮ, ಹೊಟ್ಟೆ ಕೆಡುತ್ತಾ, ಎಂದು ಕೇಳಿದ್ದಳು. ಇಲ್ರಿ, ಗಂಟಲ ಕಟ್ತೈತಿ, ಉಸಿರ ಸಿಗಂಗಿಲ್ಲ, ಸಣ್ಣಾಕಿ ಇದ್ದಾಗ ಒಂದ್ಸಲ ದವಾಖಾನ್ಯಾಗ ಇಟ್ಟಿದ್ರು, ಎಂದು ಹುಡುಗಿ ಬಿಡಿಸಿ ಹೇಳಿದ್ದಳು, ಇಂದುಮತಿ ಬಿಡಿಸಿ ಕೇಳಿಸಿಕೊಂಡಿದ್ದಳು, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ, ಆ ಬಾಗಿಲು ಮುಚ್ಚಿದೆ. ಊಟದ ಕೊನೆಗೆ ಎಲ್ಲರೂ ಮೊಸರು ಹಾಕಿಸಿಕೊಳ್ಳುವಾಗ ಅವಳು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು, ಏಕಮ್ಮ ಎಂದರೆ, ನಮ್ಮನ್ಯಾಗೂ ಹಿಂಗ ರಿ, ಎಲ್ಲಾರೂ ಮೊಸರನ್ನಾ ಕಲಿಸ್ಕೊಳ್ಳೂವಾಗ ನಾ ಎದ್ದು ಕೈ ತೊಳಕೊಂಡು ಕಟ್ಟೀ ಮ್ಯಾಲ ಕೂಡ್ತಿದ್ದೆ, ಮೊಸರನ್ನ ಹೆಂಗಿರ್ತೈತಿ ಅಂತ ಗೊತ್ತ ಇಲ್ರಿ ನನಗ. ನಾನು ತಿನ್ನಿಸ್ತೀನಿ ತಾಳು ನಿನಗೆ, ಹಾಲೇ ಇಲ್ಲದ ಮೊಸರು ಮಾಡಿ ತಿನ್ನಿಸ್ತೀನಿ, ನಾನ್ಯಾರು ಅಂದ್ಕೊಂಡಿದೀಯ — ಎಂದಿದ್ದಳು, ಅದೇ ಶುರು, ನಾನ್ಯಾರು ಅಂದ್ಕೊಂಡಿದೀಯ.

ಯಾರು ಅವಳು, ಮೊಸರಿನ ಇಂದುಮತಿ, ಹ್ಯೂಸ್ಟನ್ನಿನ ಅರ್ಧ ಕನ್ನಡದವರ ಫ್ರಿಜ್ಜಿನಲ್ಲಿ ಇರುವುದು ಅವಳ ಹೆಪ್ಪು, ಮೈಸೂರಿನಿಂದ ಬರುವಾಗ ಬಿಳಿ ಪಂಚೆಯ ತುಂಡನ್ನು ಮೊಸರಲ್ಲಿ ಅದ್ದಿ ಒಣಗಿಸಿ ಮಡಚಿ ತಂದದ್ದು, ಅಂದಿನಿಂದ ಒಂದು ದಿನವೂ ಸಾಯಲು ಬಿಟ್ಟಿಲ್ಲ, ಊರಿಗೆ ಹೋಗುವಾಗ ಮಧುರಾಳ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ, ಕ್ಲಿಯರ್ ಲೇಕಿನ ಮಧುರಾ, ಬಾಯಿ ತೆರೆದರೆ ತಮಾಷೆ, ನಿಮ್ಮ ಹೆಪ್ಪಿಗೆ ನಮಗಿಂತ ಮೊದಲು ಗ್ರೀನ್ ಕಾರ್ಡ್ ಬಂತು ಕಣ್ರೀ ಎನ್ನುವವಳು. ಸೋಯಾ ಮೊಸರು ಎಂದ ಕೂಡಲೇ ಅದೇ ಮಧುರಾ, ಅಯ್ಯೋ ಇಂದು, ಅದು ಮೊಸರಲ್ಲ, ಗೋಡೆಗೆ ಬಳಿಯೋ ಸುಣ್ಣ, ಎಂದು ನಕ್ಕಳು. ಇಂದುಮತಿ ಮೊದಲು ಅಂಗಡಿಯ ಸೋಯಾ ಹಾಲು ತಂದಳು, ಅದರಲ್ಲಿ ಸಕ್ಕರೆ, ಎಂಥದೋ ಎಸೆನ್ಸು, ಕಾಫಿಗೆ ಹಾಕಿದರೆ ಡಿಕಾಕ್ಷನ್ನಿನಲ್ಲಿ ಒಡೆದು ಹಿಂಜಿದ ಹತ್ತಿಯ ಹಾಗೆ ತೇಲಿತು, ಆಮೇಲೆ ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಯಲ್ಲಿ ಸೋಯಾ ಕಾಳು ಕೊಂಡು ನೆನೆಹಾಕಿ ಸಿಪ್ಪೆ ತೆಗೆದು ಗ್ರೈಂಡರಿನಲ್ಲಿ ರುಬ್ಬಿ ಬಟ್ಟೆಯಲ್ಲಿ ಹಿಂಡಿ ಕಾಯಿಸಿದಳು, ಉಕ್ಕಿ ಒಲೆಯೆಲ್ಲ ನೊರೆ, ಮನೆಯೆಲ್ಲ ಹಸಿಕಾಳಿನ ವಾಸನೆ, ಹಸಿಮೆಣಸಿನಕಾಯಿಯ ತೊಟ್ಟು ಹಾಕಿದರೆ ಹೆಪ್ಪಾಗುತ್ತದೆಂದು ಕೇಳಿದ್ದಳು, ಹಾಕಿದಳು, ಬೆಳಗ್ಗೆ ನೋಡಿದರೆ ಮೇಲೆ ಹಳದಿ ನೀರು ಕೆಳಗೆ ಗಂಜಿ, ಮತ್ತೆ ಹಾಕಿದಳು, ಬೆಚ್ಚಗಿರಲೆಂದು ಓವನ್ನಿನ ಲೈಟು ಹಾಕಿ ಅದರೊಳಗಿಟ್ಟಳು, ಈ ಸಲ ನೂಲು ನೂಲಾಗಿ ಎಳೆಯಿತು, ಚಮಚ ಎತ್ತಿದರೆ ಲೋಳೆ, ದಿನಾ ಫೋನು, ಮೊಸರಿನ ಇಂದುಮತಿ ಫೇಲ್ ಆದ್ಲಾ, ಪೇಪರಿಗೆ ಹಾಕಿಸಬೇಕು, ಎಂದು ಮಧುರಾ, ಆಂಟಿ ಯಾಕ ಇಷ್ಟ ತ್ರಾಸ ತಗೋತೀರಿ, ಬಿಡ್ರಿ, ಎಂದು ದಾಕ್ಷಾಯಣಿ, ಬಿಡಬಹುದಿತ್ತು, ಅವಳೇ ಬಿಡಿ ಎಂದಳಲ್ಲ, ಅವಳಿಗೆ ಬೇಕಿರಲಿಲ್ಲ, ಬೇಕಾಗಿದ್ದು ತನಗೆ.

ಮೊನ್ನೆ ಸಂಜೆ ಕಾಯಿಸಿದ ಸೋಯಾ ಹಾಲು ಬೆಚ್ಚಗಾಗುತ್ತ ಕೂತಿತ್ತು, ಕೈಯಲ್ಲಿ ಮೆಣಸಿನ ತೊಟ್ಟು, ಪಕ್ಕದಲ್ಲಿ ತನ್ನ ಮೊಸರಿನ ಪಾತ್ರೆ, ಒಂದು ಚಮಚ, ಒಂದೇ ಚಮಚ, ಅಷ್ಟು ದೊಡ್ಡ ಪಾತ್ರೆಯಲ್ಲಿ ಅದು ಎಲ್ಲಿಗೆ, ಹೆಪ್ಪೇನು ಹಾಲೇ, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲ ದೀಪದ ಎಣ್ಣೆ ಎರಡನೆಯದಕ್ಕೆ ಬರುತ್ತದೆಯೇ, ಎಂದುಕೊಂಡಳು, ಎಷ್ಟು ಚೆನ್ನಾಗಿ ಎಂದುಕೊಂಡಳು, ಯಾರಾದರೂ ಕೇಳಿದ್ದರೆ ಭೇಷ್ ಎನ್ನುತ್ತಿದ್ದರು, ಆದರೆ ಯಾರೂ ಕೇಳಲಿಲ್ಲ ಏಕೆಂದರೆ ಯಾರಿಗೂ ಹೇಳಲಿಲ್ಲ, ಒಂದು ಚಮಚ ಮೊಸರು ಹಾಕಿ ತಿರುಗಿಸಿ ಮುಚ್ಚಿಟ್ಟಳು. ಬೆಳಗ್ಗೆ ಪಾತ್ರೆ ಓರೆ ಮಾಡಿದರೂ ಅಲ್ಲಾಡದ ಮೊಸರು, ಚಮಚಕ್ಕೆ ಗಿಣ್ಣಿನ ಹಾಗೆ ತುಂಡಾಗಿ ಬರುವ ಮೊಸರು, ಫೋಟೋ ತೆಗೆದು ಮಧುರಾಗೆ ಕಳಿಸಿದಳು, ಶರಣು ತಾಯಿ ಎಂದು ಉತ್ತರ ಬಂತು, ಇವತ್ತು ಡಬ್ಬಿಯನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕೂರಿಸಿ ಆಸ್ಟಿನ್ನಿಗೆ ಡ್ರೈವ್ ಮಾಡಿಕೊಂಡು ಬಂದಳು, ದಾರಿಯುದ್ದಕ್ಕೂ ಹಾಡು ಗುನುಗುತ್ತ ಬಂದಳು, ಅದನ್ನು ನೆನೆದರೆ ಈಗ ಮೈ ಕುಗ್ಗುತ್ತದೆ, ಗುನುಗುತ್ತ ಬಂದಳು.

ಮಹತಿಯ ಅಪಾರ್ಟ್‌ಮೆಂಟಿನಲ್ಲಿ ಮೊಸರನ್ನ ಕಲಸಿದಳು, ಸಾಸಿವೆ ಇಂಗು ಕರಿಬೇವು ಶುಂಠಿ, ಎಲ್ಲ ಎಣ್ಣೆಯ ಒಗ್ಗರಣೆ, ಅಲ್ಲೆಲ್ಲ ಎಷ್ಟು ಎಚ್ಚರಿಕೆ. ಮೂರು ತಟ್ಟೆ. ತಿನ್ನುವ ಮೊದಲು ಹುಡುಗಿ ಕೇಳಿದಳು, ಅಭ್ಯಾಸ, ಯಾರು ಏನು ಕೊಟ್ಟರೂ ಕೇಳಿಯೇ ತಿನ್ನುವವಳು, ಆಂಟಿ, ಸಿಟ್ಟಾಗಬ್ಯಾಡ್ರಿ, ಹೆಪ್ಪ ಏನ ಹಾಕೀರಿ. ಮೆಣಸಿನಕಾಯಿ ತೊಟ್ಟು ಕಣಮ್ಮ, ಎಂದಳು ಇಂದುಮತಿ, ತಡವರಿಸಲೂ ಇಲ್ಲ, ಒಗ್ಗರಣೆ ಸೌಟನ್ನು ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಎಂದಳು, ಆಹಾ ಬೆನ್ನು ತಿರುಗಿಸಿಕೊಂಡು, ಅದು ಹಾಲಲ್ಲ ಎಂದು ನಿಜಕ್ಕೂ ನಂಬಿದ್ದರೆ ನಮ್ಮನೆ ಹೆಪ್ಪು ಎಂದೇ ಹೇಳಬಹುದಿತ್ತು, ದೀಪದ ಮಾತನ್ನೂ ಹೇಳಬಹುದಿತ್ತು, ಇಬ್ಬರೂ ಸೇರಿ ನಕ್ಕು ಡಬ್ಬಿಯನ್ನು ಸಿಂಕಿಗೆ ಸುರಿಯಬಹುದಿತ್ತು, ತೊಟ್ಟು ಎಂದದ್ದು ಏಕೆ, ಗೊತ್ತಿತ್ತು, ಎಲ್ಲೋ ಒಳಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ಸುಳ್ಳು ಅಷ್ಟು ಸಲೀಸಾಗಿ ಬಂತು. ತಿರುಗಿ ನೋಡುವಷ್ಟರಲ್ಲಿ ಹುಡುಗಿ ಮೊದಲ ತುತ್ತನ್ನು ಬಾಯಿಗಿಟ್ಟಿದ್ದಳು, ಕಣ್ಣು ಮುಚ್ಚಿ, ಚಮಚವನ್ನು ಇನ್ನೂ ತುಟಿಯ ನಡುವೆಯೇ ಹಿಡಿದು, ಕೆಳತುಟಿಗೆ ಒಂದು ಅಗುಳು ಅಂಟಿಕೊಂಡಿದೆ, ಎಷ್ಟೋ ಹೊತ್ತು ಹಾಗೇ, ಮೆಲ್ಲಗೆ ಕಣ್ಣು ಬಿಟ್ಟು, ಇಷ್ಟ ದಿನಾ ಎಲ್ಲಾರೂ ಇದನ್ನ ತಿಂತಿದ್ರೇನ್ರಿ ಆಂಟಿ, ನನ್ನ ಬಿಟ್ಟು, ಎಂದಳು.

ಫೋನು ತೊಡೆಯ ಮೇಲೆ ನಡುಗಿತು, ಡಲ್ಲಾಸಿನಿಂದ ಗಂಡ ವೆಂಕಟಗಿರಿ, ವಾರಪೂರ್ತಿ ಅಲ್ಲೇ ಆಫೀಸು, ಶುಕ್ರವಾರ ಮನೆಗೆ ಬರುವವನು. ಹೇಗಿದಾಳೇ ಆ ಹುಡುಗಿ. ಉಸಿರಾಟ ಸರಿಹೋಗಿದೆಯಂತೆ, ಒಳಗೆ ಬಿಟ್ಟಿಲ್ಲ ಇನ್ನೂ. ಏನ್ ತಿಂದ್ಲಂತೆ. ಮೊಸರನ್ನ. ನೀನು ಮಾಡಿದ್ದಾ, ಹಾಗಾದ್ರೆ ಅದರಲ್ಲಿ ಏನೂ ಇರಲ್ಲ ಬಿಡು, ನಿನ್ನ ಕೈ ನಂಗೊತ್ತಿಲ್ವಾ, ಬೇರೆ ಏನೋ ತಿಂದಿರ್ತಾಳೆ, ನೀನು ಅಳಬೇಡ. ಅಳುತ್ತಿಲ್ಲ ರೀ, ಎಂದಳು, ಅಳು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಇದು ಅಳುವಲ್ಲ, ಬಟ್ಟೆಯಿಲ್ಲದೆ ಬಜಾರಿನಲ್ಲಿ ನಿಂತ ಹಾಗೆ, ಆದರೂ ಯಾರೂ ನೋಡುತ್ತಿಲ್ಲ, ಎಲ್ಲರಿಗೂ ತಾನು ಉಟ್ಟುಕೊಂಡೇ ಕಾಣುತ್ತಿದ್ದೇನೆ. ಹೇಳದಿದ್ದರೆ ಏನಾಗುತ್ತದೆ, ಹುಡುಗಿ ಹುಷಾರಾಗುತ್ತಾಳೆ, ಸೌಟನ್ನು ಬಿಸಾಡುತ್ತಾರೆ, ಮಹತಿ ನಾಲ್ಕು ದಿನ ಅತ್ತು ಸುಮ್ಮನಾಗುತ್ತಾಳೆ, ಮಕ್ಕಳು ಮರೆಯುತ್ತಾರೆ — ಛೀ, ಇದೇ ಲೆಕ್ಕವನ್ನಲ್ಲವೇ ಮೊನ್ನೆ ಸಂಜೆಯೂ ಹಾಕಿದ್ದು, ಒಂದು ಚಮಚ ಎಲ್ಲಿಗೆ ಎಂದು. ಮತ್ತೆ ಆ ಮುಖ, ಕಣ್ಣು ಮುಚ್ಚಿ, ಚಮಚ ತುಟಿಯಲ್ಲೇ, ಅಗುಳು.

ನರ್ಸು ಬಂದು ಕರೆದಳು, ಒಳಗೆ ಪರದೆ ಸರಿಸಿದರೆ ದಾಕ್ಷಾಯಣಿ ದಿಂಬಿಗೆ ಒರಗಿ ಕೂತಿದ್ದಾಳೆ, ತುಟಿ ಊದಿ ಹೊಳೆಯುತ್ತಿದೆ, ಕುತ್ತಿಗೆಯಲ್ಲಿ ಕೆಂಪು ದದ್ದು, ನಗಲು ನೋಡಿದಳು, ಬರ್ರಿ ಆಂಟಿ, ನಿಮ್ಮನ್ನ ಭಾಳ ಹೆದರ್ಸಿಬಿಟ್ಟೆ. ಹೆದರಿಸಿದಳಂತೆ, ಅವಳು, ಇವಳನ್ನು. ಮಂಚದ ಬಳಿ ನಿಂತ ಡಾಕ್ಟರು, ತಾಳ್ಮೆಯ ಹೆಂಗಸು, ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಳೆ, ತಿಂದದ್ದರಲ್ಲಿ ಹಾಲು ಇರಲೇ ಇಲ್ಲ ಎನ್ನುವುದಾದರೆ ಬಹುಶಃ ಸೋಯಾವೂ ಒಗ್ಗದೆ ಹೋಗಿರಬಹುದು, ಅಲರ್ಜಿ ತಜ್ಞರು ಪರೀಕ್ಷೆ ಮಾಡುವವರೆಗೆ ಸೋಯಾ ಮುಟ್ಟಬೇಡ, ಸೋಯಾ ಹಾಲು, ಪನೀರಿನ ಬದಲು ತಿನ್ನುವ ತೋಫು, ಯಾವುದೂ ಬೇಡ. ಹುಡುಗಿ ತಲೆಯಾಡಿಸುತ್ತಲೇ ಇದ್ದಳು, ಆಮೇಲೆ ಇಂದುಮತಿಯ ಕಡೆ ತಿರುಗಿ, ಸೋಯಾನೂ ಹೋತ ನೋಡ್ರಿ, ಇನ್ನ ಚಾಕ್ಕ ಬರೀ ನೀರ ಗತಿ, ಎಂದು ತಮಾಷೆ ಮಾಡಲು ಹೊರಟಳು, ಅರ್ಧಕ್ಕೇ ಊದಿದ ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡಳು, ಇದ್ದದ್ದು ಅದೊಂದೇ ಹಾಲು ಅವಳಿಗೆ. ಇಲ್ಲ, ಸೌಟು, ನನ್ನ ಸೌಟು, ಎನ್ನುತ್ತಿದ್ದಾಳೆ ಮಹತಿ, ಅಷ್ಟರಿಂದ ಇಷ್ಟಾಗುವುದು ಕಡಿಮೆ ಎನ್ನುತ್ತಾಳೆ ಡಾಕ್ಟರು, ಈ ಮೊಸರನ್ನು ಯಾವುದರಿಂದ ಹೆಪ್ಪು ಹಾಕಿದ್ದು ಎಂದು ಕೇಳುತ್ತಾಳೆ, ಮಹತಿ ತಾಯಿಯ ಕೈಯನ್ನು ಹಿಡಿದುಕೊಂಡೇ ಉತ್ತರ ಕೊಡುತ್ತಾಳೆ, ಗ್ರೀನ್ ಚಿಲ್ಲಿ ಸ್ಟೆಮ್ಸ್, ಮೈ ಮಾಮ್ ಈಸ್ ಸೂಪರ್ ಕೇರ್‌ಫುಲ್.

ತೊಟ್ಟಲ್ಲ, ಎಂದಿತು ಯಾರದೋ ದನಿ. ಇಷ್ಟು ವರ್ಷದ ಇಂಗ್ಲಿಷು ಎಲ್ಲಿ ಹೋಯಿತೋ, ಅಡುಗೆಮನೆಯ ಕನ್ನಡವೇ ಬಂತು, ತೊಟ್ಟಲ್ಲ ಪುಟ್ಟಾ, ನಮ್ಮನೆ ಮೊಸರು ಹಾಕಿದೆ, ಒಂದು ಚಮಚ, ಹಾಲಿನ ಮೊಸರು, ಅವಳು ಕೇಳಿದಾಗ ಸುಳ್ಳು ಹೇಳಿದೆ. ಡಾಕ್ಟರು ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಾಳೆ, ಏನಂದರು ಎನ್ನುತ್ತಾಳೆ, ಹೇಳು ಅವರಿಗೆ ಪುಟ್ಟಾ, ಎಂದಳು ಇಂದುಮತಿ, ಆ ಮಾತನ್ನೂ ಮಗಳ ಬಾಯಿಂದಲೇ ಆಡಿಸಬೇಕಾಯಿತಲ್ಲ, ಮಹತಿ ಗೋಡೆ ನೋಡಿಕೊಂಡು ಹೇಳಿದಳು, ಶಿ ಯೂಸ್ಡ್ ಡೇರಿ, ಶಿ ನ್ಯೂ. ಹಿಡಿದಿದ್ದ ಕೈ ಯಾವಾಗ ಬಿಟ್ಟಿತೋ ಗೊತ್ತಾಗಲಿಲ್ಲ, ಅಂಗೈಗೆ ಎ.ಸಿ.ಯ ಗಾಳಿ ತಾಗಿದಾಗ ಗೊತ್ತಾಯಿತು. ಈಗ ದಾಕ್ಷಾಯಣಿ ಬೈಯುತ್ತಾಳೆ, ಬೈಯಲಿ, ಹೊರಗೆ ಹೋಗ್ರಿ ಎನ್ನಲಿ, ಎಂದು ಕಾಯುತ್ತ ನಿಂತರೆ, ಆ ಹುಡುಗಿ ಡಾಕ್ಟರಿಗೆ ಮೊದಲು ಇಂಗ್ಲಿಷಿನಲ್ಲಿ, ಹಾಗಾದರೆ ನಾನು ಸೋಯಾ ಕುಡಿಯಬಹುದಲ್ಲವೇ, ಎಂದು ಕೇಳಿದಳು, ಬಹುಶಃ ಕುಡಿಯಬಹುದು, ನೋಡೋಣ, ಎಂದಳು ಡಾಕ್ಟರು, ಹುಡುಗಿ ಉಸಿರು ಬಿಟ್ಟಳು, ಆ ಊದಿದ ಮುಖದಲ್ಲಿ ನಿರಾಳ, ಆಮೇಲೆ ಹೊದಿಕೆಯ ಅಂಚನ್ನು ಮಡಚುತ್ತ, ಇಂದುಮತಿಯನ್ನು ನೋಡದೆಯೇ, ಸಣ್ಣ ದನಿಯಲ್ಲಿ, ಅಂದ್ರ ಖರೇ ಮೊಸರೂ ಹಂಗ ಇರ್ತೈತೇನ್ರಿ, ಎಂದಳು, ಸಿಟ್ಟಿಲ್ಲ, ಕೊಂಕಿಲ್ಲ, ಗೊತ್ತಿಲ್ಲದ್ದನ್ನು ಕೇಳುವವರ ದನಿ. ಹೌದಮ್ಮ ಎನ್ನಬೇಕು, ಪರದೆಯ ಆಚೆ ಯಾರದೋ ಗಾಲಿಮಂಚ ಹೋಯಿತು, ಮಹತಿ ಹೊರಗೆ ನಡೆದಳು, ಇಂದುಮತಿ ನಿಂತೇ ಇದ್ದಾಳೆ, ಕಣ್ಣೆದುರಿನ ಹುಡುಗಿ ಕಾಣುತ್ತಿಲ್ಲ, ಕಾಣುವುದು ಮೊದಲ ತುತ್ತಿನ ಆ ಮುಖವೇ, ಕಣ್ಣು ಮುಚ್ಚಿ, ಚಮಚ ತುಟಿಯ ನಡುವೆ, ಕೆಳತುಟಿಯ ಮೇಲೆ ಅಗುಳು, ಕಣ್ಣು ಮುಚ್ಚಿ, ನಂಬಿ, ಕಣ್ಣು ಮುಚ್ಚಿ